ಸೈಟು ಚಂದ ಇದೆ, ಫೋನ್ ಮಾತ್ರ ಬರಲ್ಲ

ವೆಬ್‌ಸೈಟಿನ ಅಂದ ಚಂದದ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅಂಗಡಿ, ಮಗ್ಗ, ಕಾರ್ಖಾನೆ ನಡೆಸುವವರದ್ದು. ಉತ್ತರ ಬರೆಯುವಾಗ ಬೆಳಗಾವಿಯಲ್ಲಿ ಜಿಟಿಜಿಟಿ ಮಳೆ, ನೆಟ್ ಬೇರೆ ಬಂದು ಹೋಗಿ ಮಾಡುತ್ತಿತ್ತು. ಒಳ್ಳೆಯದೇ ಆಯಿತು. ನಿಮ್ಮ ಸೈಟುಗಳನ್ನು ನಿಮ್ಮ ಗಿರಾಕಿಗಳು ನೋಡುವ ಹಾಗೆಯೇ ನೋಡಿದೆ: ಫೋನಿನಲ್ಲಿ, ಕುಂಟುವ ನೆಟ್ಟಿನಲ್ಲಿ, ಇನ್ನೊಂದು ಕೈಯಲ್ಲಿ ಚಹಾ ಹಿಡಿದುಕೊಂಡು.

ನಮ್ಮದು ಸೀರೆ ಅಂಗಡಿ, ಸ್ವಂತ ಮಗ್ಗವೂ ಇವೆ. ಸೈಟು ಮಾಡಿಸಿ ಎಂಟು ತಿಂಗಳಾಯಿತು. ನೋಡಿದವರೆಲ್ಲ ಚಂದ ಇದೆ ಅನ್ನುತ್ತಾರೆ, ಆದರೆ ಫೋನ್ ಬರಲ್ಲ. ಕೊಂಡ ಇಬ್ಬರಲ್ಲಿ ಒಬ್ಬರು ಬಣ್ಣ ಬೇರೆ ಅಂತ ಸೀರೆ ವಾಪಸ್ ಕಳಿಸಿದರು. ಎಲ್ಲಿ ತಪ್ಪಿದೆವು?
— ಅಂಗಡಿ ಮಾಲೀಕರು, ಇಳಕಲ್

ನಿಮ್ಮ ಸೈಟು ತೆರೆದೆ. ಮೊದಲು ಪರದೆ ತುಂಬ ಒಂದು ಚಿತ್ರ, ಅದರ ಮೇಲೆ ಪರಂಪರೆಯ ಬಗ್ಗೆ ಒಂದು ಸಾಲು. ಅದನ್ನು ಓದಿ ಮುಗಿಸೋದರೊಳಗೆ ಚಿತ್ರ ಜರುಗಿ ಇನ್ನೊಂದು ಬಂತು. ಕೆಳಗೆ ನಿಮ್ಮ ಫೋಟೊ, ಆಮೇಲೆ ಅಂಗಡಿ ಶುರುವಾದ ಕಥೆ ಮೂರು ಪ್ಯಾರಾ. ಮೊದಲ ಸೀರೆ ಕಾಣಿಸೋಷ್ಟರಲ್ಲಿ ನನ್ನ ಹೆಬ್ಬೆರಳು ಒಂಬತ್ತು ಸಲ ಪರದೆ ತಳ್ಳಿತ್ತು. ಬೆಲೆ ಎಲ್ಲೂ ಇಲ್ಲ. ಫೋನ್ ನಂಬರ್ ಇದೆ, ಆದರೆ ಅದು ಚಿತ್ರದೊಳಗೆ ಬರೆದ ನಂಬರ್. ಒತ್ತಿದರೆ ಏನೂ ಆಗಲ್ಲ.

ಈ ಕೊನೇದನ್ನು ನಾನೂ ಮಾಡಿದ್ದೇನೆ. ನಾನು ಮಾಡಿದ ಮೊದಲ ಸೈಟು ಒಂದು ಕರದಂಟಿನ ಅಂಗಡಿಯದ್ದು. ನಂಬರನ್ನು ಭಾಳ ಪ್ರೀತಿಯಿಂದ, ಬಳ್ಳಿ ಗಿಳ್ಳಿ ಬಿಡಿಸಿ, ಚಿತ್ರದಲ್ಲೇ ಕೂರಿಸಿದ್ದೆ. ಮೂರು ತಿಂಗಳಾದ ಮೇಲೆ ಮಾಲೀಕರ ಮಗಳು ಕೇಳಿದಳು, "ಇದನ್ನ ಪೆನ್ನಲ್ಲಿ ಬರ್ಕೊಂಡು ಆಮೇಲೆ ಡಯಲ್ ಮಾಡಬೇಕಾ?" ಅಂತ. ಆ ಹುಡುಗಿಗೆ ಆಗ ಹನ್ನೊಂದು ವರ್ಷ. ನಂಬರನ್ನು ಅಕ್ಷರದಲ್ಲೇ ಬರೆದು, ಒತ್ತಿದರೆ ಕರೆ ಹೋಗುವ ಕೊಂಡಿ ಹಾಕಿಸಿ. ಪಕ್ಕದಲ್ಲಿ ವಾಟ್ಸ್ಆ್ಯಪ್ ಬಟನ್ ಇರಲಿ. ಎರಡೂ ಅರ್ಧ ಗಂಟೆಯ ಕೆಲಸ.

ಈಗ ಕ್ರಮದ ವಿಷಯ. ಅಂಗಡಿಗೆ ಬಂದವರನ್ನು ನೀವು ಗಾದಿ ಮೇಲೆ ಕೂರಿಸಿ ಕೇಳೋದೇನು? "ರೇಷ್ಮೆನಾ, ಕಾಟನ್ನಾ? ಎಷ್ಟರೊಳಗೆ ತೋರಿಸಲಿ?" ಅಜ್ಜ ಅಂಗಡಿ ಇಟ್ಟ ಕಥೆ ಬರೋದು ಸೀರೆ ಆರಿಸಿ, ಚಹಾ ಬಂದ ಮೇಲೆ. ಸೈಟಿನಲ್ಲೂ ಅಷ್ಟೇ. ಮೇಲೆ ಅಂಗಡಿ ಹೆಸರು, ಊರು, ಒಂದೇ ಸಾಲಿನಲ್ಲಿ ಏನು ಮಾರುತ್ತೀರಿ ಅನ್ನೋದು, ಫೋನ್ ಬಟನ್. ಅದರ ಕೆಳಗೆ ನೇರ ಸೀರೆಗಳು, ಪ್ರತಿಯೊಂದರ ಕೆಳಗೆ ನೂಲು ಯಾವುದು, ಬೆಲೆ ಎಷ್ಟು. ಕಥೆ ಬೇರೆ ಪುಟಕ್ಕೆ ಹೋಗಲಿ. ಬೆಲೆ ಹಾಕಿದರೆ ಪಕ್ಕದ ಅಂಗಡಿಯವರು ನೋಡ್ತಾರೆ ಅಂತ ನೀವು ಬರೆದಿದ್ದೀರಿ. ಅವರಿಗೆ ಈಗಾಗಲೇ ಗೊತ್ತಿರುತ್ತೆ, ಬಿಡಿ.

ಯಾವುದು ಮುಂದೆ ಬರಬೇಕು, ಯಾವುದು ಹಿಂದೆ ಸರಿಯಬೇಕು ಅನ್ನೋ ಲೆಕ್ಕ ನೇಯುವವರಿಗೆ ನಾನು ಹೇಳಿಕೊಡೋ ಹಾಗಿಲ್ಲ. ಒಡಲು ಸಾದಾ ಇರುತ್ತೆ, ಇಲ್ಲ ಚೌಕಡಿ. ಅಂಚು ಗೆರೆ ಎಳೆದ ಹಾಗೆ ಹಿಡಿದಿರುತ್ತೆ. ತೋಪ ತೆನಿ ಅನ್ನೋ ಕೆಂಪು ಬಿಳಿ ವಿನ್ಯಾಸ ಬರೋದು ಸೆರಗಿನಲ್ಲಿ ಮಾತ್ರ. ಅದನ್ನೇ ಮೈತುಂಬ ನೇಯ್ದರೆ ಸೆರಗು ಯಾವುದು ಅಂತ ಹುಡುಕಬೇಕಾಗುತ್ತೆ ಅಲ್ವಾ? ನಿಮ್ಮ ಮುಖಪುಟದಲ್ಲಿ ಆಗಿರೋದು ಅದೇ. ಏಳು ಬಟನ್ನುಗಳು, ಏಳೂ ಕೆಂಪು.

ಬಣ್ಣದ ತಕರಾರು ಫೋಟೊದಿಂದ ಬಂದದ್ದು. ನಿಮ್ಮ ಚಿತ್ರಗಳನ್ನು ರಾತ್ರಿ ಅಂಗಡಿಯ ಹಳದಿ ಬೆಳಕಲ್ಲಿ ತೆಗೆದಿದ್ದಾರೆ, ಮೇಲೆ ಫಿಲ್ಟರ್ ಬೇರೆ. ಗಿರಿ ಕುಂಕುಮದ ಬಣ್ಣ ಅದರಲ್ಲಿ ಇಟ್ಟಿಗೆ ಬಣ್ಣವಾಗಿದೆ. ಬೆಳಗ್ಗೆ, ಬಿಸಿಲು ನೇರ ಬೀಳದ ಬಾಗಿಲ ಬಳಿ ತೆಗೆಯಿರಿ. ಮೊದಲ ಫೋಟೊದಲ್ಲಿ ಸೀರೆ ಪಕ್ಕ ಒಂದು ಬಿಳಿ ಹಾಳೆ ಇಡಿ. ಹಾಳೆ ಬಿಳಿಯಾಗಿ ಕಾಣೋ ತನಕ ಸರಿಪಡಿಸಿ, ಅದೇ ಅಳತೆಯನ್ನು ಉಳಿದವಕ್ಕೂ ಹಾಕಿ. ಆದರೂ ಒಂದೊಂದು ಫೋನಿನ ಪರದೆ ಒಂದೊಂದು ಥರ ತೋರಿಸುತ್ತೆ, ಹಾಗಾಗಿ ಬಣ್ಣದ ಹೆಸರನ್ನೂ ಬರೆಯಿರಿ. ಇನ್ನೊಂದು ಫೋಟೊ ಬೇಕೇ ಬೇಕು: ಒಡಲಿಗೆ ಸೆರಗು ಕೂಡುವ ಜಾಗ, ಹತ್ತಿರದಿಂದ. ಒಡಲಿನ ಹಾಸು, ಅಂದ್ರೆ ಉದ್ದದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸೋದು ಇಳಕಲ್ ಸೀರೆಯ ಗುರುತು. ತಿಳಿದು ಕೊಳ್ಳುವವರು ಅದನ್ನೇ ಹುಡುಕುತ್ತಾರೆ. ನಿಮ್ಮ ಸೈಟಿನಲ್ಲಿ ಅದೊಂದೇ ಇಲ್ಲ.

ಮತ್ತೆ ತೂಕ. ಫೋನಿನ ಫೋಟೊ ಒಂದೊಂದು ಮೂರ್ನಾಲ್ಕು ಎಂಬಿ. ಹಾಗೇ ಇಪ್ಪತ್ತು ಹಾಕಿದ್ದೀರಿ. ಹುನಗುಂದದ ಬಸ್ಸಲ್ಲಿ ಕೂತವರಿಗೆ ಆ ಪುಟ ತೆರೆಯೋದೇ ಇಲ್ಲ. ಅಗಲ 1200 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಅನ್ನೋ ಹಗುರ ಚಿತ್ರ ಮಾದರಿಗೆ ಬದಲಾಯಿಸಿದರೆ ಹೆಚ್ಚಿನವು 200 ಕೆಬಿ ಒಳಗೆ ಬರುತ್ತವೆ. ಸ್ಕ್ವೂಶ್ ಅನ್ನೋ ಬಿಟ್ಟಿ ಸಾಧನ ಬ್ರೌಸರಿನಲ್ಲೇ ಈ ಕೆಲಸ ಮಾಡುತ್ತೆ.

ಜಾತ್ರೆಯ ಸೈಟಿಗೆ ಓಡುವ ಅಕ್ಷರ ಮತ್ತು ತೆರೆದ ಕೂಡಲೇ ಹಾಡು ಬೇಕು ಅಂತ ಕಮಿಟಿಯ ಹಿರಿಯರು ಪಟ್ಟು ಹಿಡಿದಿದ್ದಾರೆ. ಏನು ಹೇಳಲಿ?
— ಕಮಿಟಿಯ ಕಿರಿಯ ಸದಸ್ಯ, ಬಾಗಲಕೋಟೆ ಜಿಲ್ಲೆ

ಹಾಡಿನ ಜಗಳ ನಿಮ್ಮದಲ್ಲ. ಕ್ರೋಮ್ 2018ರಿಂದ ಹಾಗೆ ತಾನಾಗಿ ಶಬ್ದ ಮಾಡುವ ಪುಟಗಳನ್ನು ತಡೆಯುತ್ತಿದೆ. "ಬ್ರೌಸರ್ ಬಿಡಲ್ಲ" ಅಂದುಬಿಡಿ. ಓಡುವ ಅಕ್ಷರಕ್ಕೆ ಬದಲಾಗಿ ತೇರು ಯಾವತ್ತು, ಎಷ್ಟು ಗಂಟೆಗೆ ಅನ್ನೋದನ್ನು ದಪ್ಪ ಅಕ್ಷರದಲ್ಲಿ, ನಿಂತಲ್ಲೇ ನಿಲ್ಲಿಸಿ. ತೇರು ಓಡಲಿ, ತಾರೀಖು ಬೇಡ.

ನನ್ನದು ಪ್ರಿಂಟಿಂಗ್ ಪ್ರೆಸ್. ಈಗ ಸೈಟುಗಳನ್ನೂ ಮಾಡುತ್ತೇನೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಹಾಕಿದರೆ ಅಕ್ಷರ ಎಲ್ಲ ಚೆಲ್ಲಾಪಿಲ್ಲಿ. ಯುನಿಕೋಡಲ್ಲಿ ಹಾಕಿದರೆ ಬರುತ್ತೆ, ಆದರೆ ಯಾಕೋ ಇಕ್ಕಟ್ಟು. ಇಂಗ್ಲಿಷ್ ಸೈಟಿನ ಅಂದ ಕನ್ನಡಕ್ಕೆ ಯಾಕೆ ಬರಲ್ಲ?
— ಪ್ರೆಸ್ ಮಾಲೀಕರು, ವಿಜಯಪುರ

ಈ ಪತ್ರ ಓದಿ ಖುಷಿಯಾಯಿತು. ಈ ಪ್ರಶ್ನೆ ಕೇಳುವವರೇ ಕಮ್ಮಿ.

ಚೆಲ್ಲಾಪಿಲ್ಲಿ ಯಾಕಂದ್ರೆ, ನುಡಿಯ ಹಳೆಯ ಫಾಂಟುಗಳಲ್ಲಿ ಕನ್ನಡ ಇರೋದು ಮೇಲಿನ ವೇಷ ಮಾತ್ರ. ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಡೆ ವೇಷ ಕಳಚಿ ಬೀಳುತ್ತೆ. ಯುನಿಕೋಡಿನಲ್ಲಿ ಕನ್ನಡಕ್ಕೆ ಅದರದ್ದೇ ಮನೆ ಇದೆ, 1991ರ ಮೊದಲ ಆವೃತ್ತಿಯಿಂದಲೂ. ಹಳೆಯ ಕಡತಗಳನ್ನು ಯುನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಸಿಗುತ್ತವೆ. ಬದಲಾಯಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾರೆ ನೋಡಿ, ಎಡವೋದು ಹೆಚ್ಚಾಗಿ ಅಲ್ಲೇ. ಇಷ್ಟೆಲ್ಲ ಯಾಕೆ ಅಂತ ಪೋಸ್ಟರ್ ಮಾಡಿ ಚಿತ್ರವಾಗಿ ಅಂಟಿಸುವವರಿದ್ದಾರೆ. ಚಿತ್ರದೊಳಗಿನ ಅಕ್ಷರವನ್ನು ಗೂಗಲ್‌ನಲ್ಲಿ ಹುಡುಕೋದು ಕಷ್ಟ, ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ತಂತ್ರಾಂಶಕ್ಕೂ ಅದು ಸಿಗಲ್ಲ. ಹಾಗೆ ಮಾಡಬೇಡಿ.

ಇಕ್ಕಟ್ಟಿನ ಕಾರಣ ಒತ್ತಕ್ಷರ. "ರಾಷ್ಟ್ರ", "ಸ್ತ್ರೀ", "ವಸ್ತ್ರ" ಬರೆದು ನೋಡಿ. ಇಂಗ್ಲಿಷಿನಲ್ಲಿ ಸಾಲಿನ ಕೆಳಗೆ ಇಳಿಯೋದು ನಾಲ್ಕೈದು ಅಕ್ಷರದ ಬಾಲ ಮಾತ್ರ. ನಮ್ಮಲ್ಲಿ ಕೆಳಗೆ ಒಂದು ಸಣ್ಣ ಸಂಸಾರವೇ ಇದೆ. ಮೇಲೆ ಗುಡಿಸು, ತಲೆಕಟ್ಟು. ಇಂಗ್ಲಿಷಿಗೆ ಅಂತ ಮಾಡಿದ ಟೆಂಪ್ಲೇಟಿನಲ್ಲಿ ಸಾಲಿನ ಎತ್ತರ ಅಕ್ಷರದ 1.4 ಪಟ್ಟು ಇದ್ದರೆ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತೆ. ನಾನು 1.7ರ ಆಸುಪಾಸಿನಲ್ಲಿ ಇಡುತ್ತೇನೆ. ಅಕ್ಷರದ ಗಾತ್ರವನ್ನೂ ಒಂದೆರಡು ಪಿಕ್ಸೆಲ್ ಏರಿಸುತ್ತೇನೆ, ಇಂಗ್ಲಿಷ್ 16 ಇದ್ದರೆ ಕನ್ನಡ 18. ದುಂಡು ಅಕ್ಷರ ಸಣ್ಣದಾದರೆ ಹೊಟ್ಟೆ ಮುಚ್ಚಿಕೊಂಡು "ಪ" ಯಾವುದು "ಷ" ಯಾವುದು ತಿಳಿಯಲ್ಲ.

ಬಟನ್ನುಗಳನ್ನೂ ನೋಡಿ. ಎತ್ತರವನ್ನು ಗಟ್ಟಿಯಾಗಿ 36 ಪಿಕ್ಸೆಲ್ ಅಂತ ಕಟ್ಟಿ, ಹೊರಗೆ ಬಂದದ್ದನ್ನು ಕತ್ತರಿಸು ಅಂತ ಬರೆದಿದ್ದರೆ "ಸಲ್ಲಿಸಿ" ಅನ್ನೋದು "ಸಲಿಸಿ" ಆಗಿಬಿಡುತ್ತೆ. ಎತ್ತರ ಕಟ್ಟಬೇಡಿ, ಒಳಗಿನ ಅಂಚಿನ ಜಾಗ ಕೊಡಿ, ಬಟನ್ ತಾನೇ ಬೆಳೆಯುತ್ತೆ. ಅಕ್ಷರಗಳ ನಡುವೆ ಜಾಗ ಹಿಗ್ಗಿಸುವ ಗುಣವನ್ನು ಸೊನ್ನೆಗೆ ತನ್ನಿ, ಇಂಗ್ಲಿಷ್ ಶೀರ್ಷಿಕೆಗೆ ಅದು ಶೋಭೆ, ಕನ್ನಡ ಪದ ಹಲ್ಲು ಬಿಟ್ಟ ಹಾಗೆ ಕಾಣುತ್ತೆ. ಎರಡೂ ಅಂಚು ಸಮ ಮಾಡೋ ಆಸೆ ಪ್ರೆಸ್ಸಿನವರಿಗೆ ಬಿಡಲ್ಲ, ಗೊತ್ತು. ಆದರೆ ಫೋನಿನ ಅಗಲದಲ್ಲಿ ಕನ್ನಡದ ಉದ್ದ ಪದ ಮೂರೇ ಹಿಡಿಸುತ್ತವೆ, ನಡುವೆ ಹಳ್ಳ ಬೀಳುತ್ತೆ. ಎಡಕ್ಕೆ ಮಾತ್ರ ಸಮ ಇರಲಿ. ಪುಟದ ಭಾಷೆ ಕನ್ನಡ ಅಂತ ಪುಟ ಕಟ್ಟುವ ಕೋಡ್ ಆದ ಎಚ್‌ಟಿಎಂಎಲ್‌ನಲ್ಲಿ ಹೇಳೋದನ್ನೂ ಮರೆಯಬೇಡಿ.

ಫಾಂಟ್? ಓದುವ ಪಠ್ಯಕ್ಕೆ ನೋಟೊ ಸಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡ. ಪುಸ್ತಕದ ಛಾಯೆ ಬೇಕಾದರೆ ಟೀರೊ ಕನ್ನಡ. ಬಾಲೂ ತಮ್ಮ ದಪ್ಪ, ತಮಾಷೆ, ಮಿಠಾಯಿ ಅಂಗಡಿಯ ಶೀರ್ಷಿಕೆಗೆ ಸರಿ, ಶ್ರದ್ಧಾಂಜಲಿಗೆ ಬೇಡ. ಎಲ್ಲವೂ ಗೂಗಲ್ ಫಾಂಟ್ಸ್‌ನಲ್ಲಿ ಬಿಟ್ಟಿ. ಒಂದು ಸೈಟಿಗೆ ಎರಡು ಫಾಂಟ್ ಸಾಕು.

ಹೋದ ಸಂಚಿಕೆಯಲ್ಲಿ "ಕಡುಗಪ್ಪಿನ ಬದಲು ಬೂದು ಅಕ್ಷರ ಕಣ್ಣಿಗೆ ತಂಪು" ಅಂತ ಬರೆದಿದ್ದಿರಿ. ನನ್ನ ಮೊಮ್ಮಗ ಅದನ್ನು ಓದಿ ನಮ್ಮ ಸಂಘದ ಸೈಟನ್ನು ಬೂದು ಮಾಡಿದ. ಈಗ ನಮ್ಮ ವಯಸ್ಸಿನವರು ಯಾರೂ ಓದೋಕೆ ಆಗ್ತಿಲ್ಲ. ತಂಪು ಯಾರಿಗೆ?
— ನಿವೃತ್ತ ಶಿಕ್ಷಕರು, ಚಿಕ್ಕೋಡಿ

ತಪ್ಪಾಯಿತು ಮಾಸ್ತರೇ. ಎಷ್ಟು ಬೂದು ಅಂತ ಬರೆಯಬೇಕಿತ್ತು.

ಇದಕ್ಕೆ ಅಳತೆ ಇದೆ. ವೆಬ್ ಎಲ್ಲರಿಗೂ ದಕ್ಕಬೇಕು ಅಂತ ಮಾಡಿದ ಡಬ್ಲ್ಯುಸಿಎಜಿ ಮಾರ್ಗಸೂಚಿ ಪ್ರಕಾರ, ಸಾಧಾರಣ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಬೆಳಕಿನ ಅಂತರ ಕನಿಷ್ಠ 4.5ಕ್ಕೆ 1 ಇರಬೇಕು, ದೊಡ್ಡ ಅಕ್ಷರಕ್ಕೆ 3ಕ್ಕೆ 1. ಬಿಳಿ ಮೇಲೆ #767676 ಅನ್ನೋ ಬಣ್ಣಸಂಖ್ಯೆಯ ಬೂದು ಕಷ್ಟಪಟ್ಟು ಪಾಸಾಗುತ್ತೆ. ಮೊಮ್ಮಗ ಹಾಕಿರೋದು #999999, ಅದರ ಅಂತರ ಸುಮಾರು 2.8, ನಪಾಸು. #333333 ಹಾಕಲಿ. ಕಡುಗಪ್ಪೂ ಅಲ್ಲ, ಮಾಸಲೂ ಅಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಫೋನ್ ಹಿಡಿದು ಅಂಗಳದಲ್ಲಿ ನಿಂತು ಓದಿ ನೋಡಲಿ. ನಮ್ಮ ಕಡೆಯ ಬಿಸಿಲಿಗಿಂತ ಕಟ್ಟುನಿಟ್ಟಿನ ಪರೀಕ್ಷಕ ಇಲ್ಲ.

ಉದ್ಯಮಬಾಗದಲ್ಲಿ ನಮ್ಮ ಫೌಂಡ್ರಿ ಇದೆ. ಹಳೆಯ ಸೈಟು ಫೋನಿನಲ್ಲಿ ಇರುವೆ ಸಾಲಿನ ಹಾಗೆ ಕಾಣುತ್ತೆ. ಹೊಸ ಹುಡುಗ "ಮೊಬೈಲ್ ಮೊದಲು" ಅಂತ ಎಲ್ಲ ಕಿತ್ತು ಕಾರ್ಡು ಕಾರ್ಡು ಮಾಡಿದ್ದಾನೆ. ಅಳತೆ ಪಟ್ಟಿಗಳೇ ಹೋದವು.
— ಫೌಂಡ್ರಿ ಪಾಲುದಾರರು, ಬೆಳಗಾವಿ

ಇರುವೆ ಸಾಲು ಕಾಣೋದು ಪುಟದ ಕೋಡಿನಲ್ಲಿ ವ್ಯೂಪೋರ್ಟ್ ಅನ್ನೋ ಒಂದು ಸಾಲು ಇಲ್ಲದ್ದಕ್ಕೆ. ಅದಿಲ್ಲದಿದ್ದರೆ ಫೋನು ಪುಟವನ್ನು ಕಂಪ್ಯೂಟರಿನ ಅಗಲದ್ದು ಅಂದುಕೊಂಡು ಕುಗ್ಗಿಸಿ ತೋರಿಸುತ್ತೆ. ಮುಂದಿನ ದಾರಿಯನ್ನು ಈಥನ್ ಮಾರ್ಕಾಟ್ ಅನ್ನೋ ವೆಬ್ ಡಿಸೈನರ್ 2010ರಲ್ಲೇ ಬರೆದಿಟ್ಟಿದ್ದಾರೆ, ರೆಸ್ಪಾನ್ಸಿವ್ ಅನ್ನೋ ಹೆಸರು ಬಂದದ್ದೂ ಅಲ್ಲಿಂದಲೇ: ಹಿಗ್ಗಿ ಕುಗ್ಗುವ ಕಂಬಸಾಲು, ಹಿಗ್ಗಿ ಕುಗ್ಗುವ ಚಿತ್ರ, ಪರದೆಯ ಅಗಲ ನೋಡಿ ಬದಲಾಗುವ ನಿಯಮ. ಇವುಗಳಲ್ಲಿ ಯಾವುದೂ ಅಳತೆ ಪಟ್ಟಿ ಕಿತ್ತುಹಾಕು ಅನ್ನಲ್ಲ.

ನಿಮ್ಮ ಎರಕವನ್ನು ಕೊಳ್ಳೋದು ದಾರಿಹೋಕರಲ್ಲ. ಎಲ್ಲೋ ಒಂದು ಕಂಪನಿಯ ಖರೀದಿ ವಿಭಾಗದಲ್ಲಿ, ದೊಡ್ಡ ಪರದೆ ಮುಂದೆ ಕೂತ ಎಂಜಿನಿಯರು. ಅವರಿಗೆ ಬೇಕಾದ್ದು ಯಾವ ದರ್ಜೆಯ ಕಬ್ಬಿಣ, ಎಷ್ಟು ಕೆಜಿ ತನಕ ಎರಕ ಹೊಯ್ಯುತ್ತೀರಿ, ಯಾವ ಪ್ರಮಾಣಪತ್ರ ಇದೆ. ಆ ಪಟ್ಟಿಗಳನ್ನು ವಾಪಸ್ ತನ್ನಿ. ಫೋನಿನಲ್ಲಿ ಪಟ್ಟಿ ಮಾತ್ರ ಅಡ್ಡಕ್ಕೆ ಸರಿಯುವ ಹಾಗೆ ಮಾಡಲಿ. ಹುಡುಗನ ಮೇಲೆ ಸಿಟ್ಟಾಗಬೇಡಿ, ಹೋಟೆಲ್ಲಿನ ಸೈಟಿಗೆ ಅವನು ಮಾಡಿದ್ದೇ ಸರಿ.

ಪುಟದಲ್ಲಿ ಸ್ವಲ್ಪ ಖಾಲಿ ಜಾಗ ಬಿಟ್ಟರೆ ಸಾಕು, "ರೊಕ್ಕ ಕೊಟ್ಟೀವಿ, ತುಂಬಿಸಿ" ಅಂತಾರೆ. ಆಮೇಲೆ "ಲೋಗೊ ಇನ್ನೂ ದೊಡ್ಡದು". ಗಿರಾಕಿಗಳ ಜತೆ ಹೇಗೆ ಏಗೋದು?
— ಒಬ್ಬಂಟಿ ಡಿಸೈನರ್, ತಿಲಕವಾಡಿ, ಬೆಳಗಾವಿ

ಗೋಳಗುಮ್ಮಟದ ಒಳಗೆ ಒಂದೂ ಕಂಬ ಇಲ್ಲ. ಅಲ್ಲಿ ನಿಂತು "ಇಷ್ಟು ಜಾಗ ಸುಮ್ನೆ ಬಿಟ್ಟಿದ್ದಾರೆ" ಅಂದವರನ್ನು ನಾನಂತೂ ನೋಡಿಲ್ಲ. ಆದರೆ ಈ ಮಾತು ಗಿರಾಕಿಗೆ ಹೇಳಬೇಡಿ, ನಾನು ಒಮ್ಮೆ ಹೇಳಿ ಪೆಟ್ಟು ತಿಂದಿದ್ದೇನೆ. "ಹಂಗಾದ್ರೆ ಗುಮ್ಮಟದ ಫೋಟೊನೂ ಹಾಕಿ" ಅಂದರು.

ವಾದ ಮಾಡೋದು ಬಿಟ್ಟು ತೋರಿಸಿ. ಎರಡೂ ಮಾದರಿ ಮಾಡಿ, ಮಾಲೀಕರ ಮನೆಯವರು, ಅಂಗಡಿಯ ಹುಡುಗ, ಪಕ್ಕದ ಮೆಡಿಕಲ್‌ನವರು ಹೀಗೆ ಐದು ಮಂದಿ ಕೈಗೆ ಫೋನ್ ಕೊಟ್ಟು ಒಂದೇ ಕೆಲಸ ಹೇಳಿ: "ಭಾನುವಾರ ಅಂಗಡಿ ತೆರೆದಿರುತ್ತಾ ಹುಡುಕಿ". ನೀವು ಬಾಯಿ ಮುಚ್ಚಿಕೊಂಡಿರಬೇಕು, ಇದೇ ಕಷ್ಟದ ಭಾಗ. ಐದು ಮಂದಿ ಸಾಕು ಅನ್ನೋದು ಸೈಟುಗಳ ಬಳಕೆ ಪರೀಕ್ಷಿಸುವ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ಹೇಳಿದ ಮಾತು, ಹೆಚ್ಚಿನ ತೊಡಕುಗಳು ಅಷ್ಟರಲ್ಲೇ ಬಯಲಾಗುತ್ತವೆ. ತನ್ನ ಹೆಂಡತಿಯೇ ತುಂಬಿದ ಪುಟದಲ್ಲಿ ಸಮಯ ಹುಡುಕಿ ಹುಡುಕಿ ಫೋನ್ ಕೆಳಗಿಟ್ಟಿದ್ದನ್ನು ನೋಡಿದ ಮಾಲೀಕರು ಮತ್ತೆ ಖಾಲಿ ಜಾಗದ ಮಾತೆತ್ತಲ್ಲ. ಲೋಗೊ ಮಾತ್ರ ಎತ್ತುತ್ತಾರೆ. ಅದನ್ನು ಸ್ವಲ್ಪ ದೊಡ್ಡದು ಮಾಡಿಕೊಡಿ, ಎಲ್ಲ ಜಗಳ ಗೆಲ್ಲೋಕಾಗಲ್ಲ.

ವಿಜಯಪುರದಲ್ಲಿ ನಮ್ಮ ಲಾಡ್ಜ್ ಇದೆ. ಹೊರಗಿನವರು ಇನ್ನೂ ಬಿಜಾಪುರ ಅಂತಲೇ ಹುಡುಕುತ್ತಾರೆ. ಸೈಟಿನಲ್ಲಿ ಯಾವ ಹೆಸರು?
— ಲಾಡ್ಜ್ ನಡೆಸುವವರು

ಶೀರ್ಷಿಕೆಯಲ್ಲಿ ವಿಜಯಪುರ. ಹೆಸರು ಬದಲಾಗಿದ್ದು 2014ರ ನವೆಂಬರ್ 1ಕ್ಕೆ. ಆದರೆ ಹಳೆಯ ಗೈಡುಗಳಲ್ಲಿ, ಬಂದು ಹೋದವರ ನೆನಪಿನಲ್ಲಿ ಹಳೆಯದೇ ಕೂತಿದೆ. "ಮೊದಲು ಬಿಜಾಪುರ ಅನ್ನುತ್ತಿದ್ದ ಊರು" ಅಂತ ಒಂದು ಸಹಜ ಸಾಲು ಬರೆಯಿರಿ, ಇಂಗ್ಲಿಷ್ ಪುಟದಲ್ಲೂ ಎರಡೂ ಹೆಸರು ಇರಲಿ. ಇಪ್ಪತ್ತು ಸಲ ತುರುಕಬೇಡಿ. ಗುಮ್ಮಟ ಎಷ್ಟು ದೂರ ಅನ್ನೋದು ಮುಖಪುಟದಲ್ಲೇ ಇರಲಿ, ನಿಮ್ಮ ಗಿರಾಕಿಗಳ ಮೊದಲ ಪ್ರಶ್ನೆ ಅದೇ ತಾನೆ.

ಬಿಸಿಎ ಎರಡನೇ ವರ್ಷ. ವೆಬ್ ಡಿಸೈನ್ ಕಲಿಯಬೇಕು, ಕೋರ್ಸಿಗೆ ದುಡ್ಡಿಲ್ಲ. ಇಷ್ಟವಾದ ಸೈಟುಗಳನ್ನು ನಕಲು ಮಾಡಿ ಕಲಿತರೆ ತಪ್ಪಾ?
— ವಿದ್ಯಾರ್ಥಿನಿ, ಜಮಖಂಡಿ

ಕಲಿಯೋಕೆ ನಕಲು ಮಾಡು, ನಿನ್ನದು ಅಂತ ತೋರಿಸಬೇಡ. ರಂಗೋಲಿ ಕಲಿತದ್ದು ಹಾಗೇ ಅಲ್ವಾ? ಮೊದಲು ಅಮ್ಮನ ಚುಕ್ಕಿ, ಆಮೇಲೆ ನಿನ್ನ ಗೆರೆ.

ಬೇಕಾದ್ದು ನೋಟ್‌ಪ್ಯಾಡ್ ಮತ್ತು ಬ್ರೌಸರ್. ಯಾವ ಪುಟದ ಮೇಲಾದರೂ ಬಲ ಬಟನ್ ಒತ್ತಿ ಇನ್ಸ್‌ಪೆಕ್ಟ್ ತೆರೆದರೆ ಒಳಗಿನ ಕಟ್ಟಡ ಕಾಣುತ್ತೆ. ಮೊದಲು ಎಚ್‌ಟಿಎಂಎಲ್, ಆಮೇಲೆ ಪುಟಕ್ಕೆ ರೂಪ ಕೊಡುವ ಸಿಎಸ್‌ಎಸ್, ಅದರಲ್ಲಿ ಭಾಗಗಳನ್ನು ಸಾಲಾಗಿ ಜೋಡಿಸುವ ಫ್ಲೆಕ್ಸ್‌ಬಾಕ್ಸ್ ಮತ್ತು ಗ್ರಿಡ್. ಗ್ರಿಡ್ 2017ರಲ್ಲಿ ಬ್ರೌಸರುಗಳಿಗೆ ಬಂತು. ಅದಕ್ಕಿಂತ ಮುಂಚೆ ಮೂರು ಕಂಬಸಾಲು ಸಮ ಎತ್ತರಕ್ಕೆ ನಿಲ್ಲಿಸೋಕೆ ನಾನು ಇಡೀ ರಾತ್ರಿ ಕಳೆದಿದ್ದಿದೆ. ನಿಮ್ಮ ಪುಣ್ಯ.

ಅಭ್ಯಾಸಕ್ಕೆ ಒಂದು ಹಳೆಯ ಆಟ ಹೇಳುತ್ತೇನೆ. 2003ರಲ್ಲಿ ಡೇವ್ ಶೇ ಅನ್ನುವವರು ಸಿಎಸ್‌ಎಸ್ ಜೆನ್ ಗಾರ್ಡನ್ ಶುರು ಮಾಡಿದರು. ಎಚ್‌ಟಿಎಂಎಲ್ ಒಂದೇ, ಯಾರೂ ಮುಟ್ಟುವ ಹಾಗಿಲ್ಲ, ಸಿಎಸ್‌ಎಸ್ ಮಾತ್ರ ಬದಲಿಸಿ ಬೇರೆ ಬೇರೆ ರೂಪ ಕೊಡಬೇಕು. ಈಗಲೂ ನೋಡಬಹುದು, ಒಂದೇ ಪಠ್ಯ ಅಂತ ನಂಬೋದೇ ಕಷ್ಟ. ನೀನು ಕನ್ನಡದಲ್ಲಿ ಮಾಡು. ಮುಧೋಳ ನಾಯಿಯ ಬಗ್ಗೆ ಮುನ್ನೂರು ಪದ ಬರೆದು ಒಂದು ಪುಟ ಕಟ್ಟು. ಅದಕ್ಕೆ ಮೂರು ಸಿಎಸ್‌ಎಸ್: ಒಂದು ಶಾಲೆಯ ಮಕ್ಕಳಿಗೆ, ಒಂದು ಪಶುವೈದ್ಯರಿಗೆ, ಒಂದು ಗುಳೇದಗುಡ್ಡದ ರವಿಕೆ ಬಟ್ಟೆ ಖಣದ ಬಣ್ಣ ಮತ್ತು ಅಂಚು ನೋಡಿಕೊಂಡು. ಸೈಟು ಬಿಟ್ಟಿಯಾಗಿ ಇಡೋಕೆ ಬಿಡುವ ಗಿಟ್‌ಹಬ್ ಪೇಜಸ್‌ನಲ್ಲಿ ಹಾಕಿ ನನಗೆ ಕೊಂಡಿ ಕಳಿಸು. ಮೂರನೇದು ನೋಡೋಕೆ ನನಗೇ ಆಸೆ.

ನಮ್ಮ ಅಂಗಡಿಯ ಸೈಟು ಮಾಡಿದ ಹುಡುಗ ಈಗ ಪುಣೆಯಲ್ಲಿದ್ದಾನೆ. ಡಿಸೈನ್ ಬದಲಿಸಬೇಕು, ಪಾಸ್‌ವರ್ಡ್ ಅವನ ಹತ್ತಿರ. ಡೊಮೇನ್, ಅಂದರೆ ಸೈಟಿನ ವಿಳಾಸ, ಯಾರ ಹೆಸರಲ್ಲಿದೆಯೋ ಗೊತ್ತಿಲ್ಲ.
— ಕಿರಾಣಿ ವ್ಯಾಪಾರಿ, ಅಥಣಿ

ಡಿಸೈನ್ ಆಮೇಲೆ. ಇವತ್ತು ಸಂಜೆಯೇ ಅವನಿಗೆ ಫೋನ್ ಮಾಡಿ. ಸಿಟ್ಟಿನಿಂದಲ್ಲ, ಊಟ ಆಯ್ತಾ ಅಂತ ಶುರು ಮಾಡಿ. ಡೊಮೇನ್ ಯಾವ ಕಂಪನಿಯಲ್ಲಿ ಕೊಂಡಿದ್ದು, ಅವಧಿ ಯಾವತ್ತು ಮುಗಿಯುತ್ತೆ, ಯಾವ ಇಮೇಲಿಗೆ ಕಟ್ಟಿದೆ, ಈ ಮೂರನ್ನು ಬರೆದುಕೊಳ್ಳಿ. ನಿಮ್ಮ ಹೆಸರಲ್ಲಿ ಒಂದು ಖಾತೆ ತೆರೆದು ಅದಕ್ಕೆ ವರ್ಗಾಯಿಸು ಅನ್ನಿ. ಬೇರೆ ಕಂಪನಿಗೆ ಹೋಗೋದಾದರೆ ಅವನು ವರ್ಗಾವಣೆಯ ಕೋಡ್ ತೆಗೆದುಕೊಡಬೇಕು. ಅವನಿಗೆ ಬಾಕಿ ಏನಾದರೂ ಇದ್ದರೆ ಮೊದಲು ಕೊಟ್ಟುಬಿಡಿ. ಇಲ್ಲಿ ಅಚ್ಚು ಹಾಕದ ನಿಮ್ಮ ಪತ್ರದ ಕೊನೇ ಸಾಲು ನೋಡಿದರೆ, ಇದೆ ಅನ್ನಿಸುತ್ತೆ.